ಕಾರು ಹತ್ತುವ ಕಲ್ಲು

ಮಹಾಗಣಪತಿ ಒಡೆಯರ ಕಾರಿನ ಹೊಟ್ಟೆ ತರಚಬಾರದೆಂದು ನನ್ನ ಅಕ್ಕ ಹೊನ್ನಿಯ ಬಲಗೈಯ ಮೂರು ಬೆರಳು ಹೋದವು. ಬೆರಳು ತಿಂದ ಆ ಕಲ್ಲನ್ನು ಕಡಿದವನು ನಾನು. ಇದನ್ನು ಮೊದಲು ಹೇಳಿಬಿಡಬೇಕು. ಒಡೆಯರಿಗೆ ನಾನು ಮಾಡಿದ್ದನ್ನು ಆಮೇಲೆ ಹೇಳುತ್ತೇನೆ.

ನಮ್ಮೂರು ಮಂಕಿಯಲ್ಲಿ ಒಡೆಯರ ಮನೆ ರಸ್ತೆಗೆ ತಾಗಿಕೊಂಡೇ ಇತ್ತು. ಅಂಗಳ ರಸ್ತೆಗಿಂತ ಒಂದೂವರೆ ಗೇಣು ಎತ್ತರ. ಅಂಚಿಗೆ ಕರಿಕಲ್ಲಿನ ಸಾಲು. ಎತ್ತಿನ ಗಾಡಿಗೆ ಆ ಅಂಚು ಲೆಕ್ಕಕ್ಕಿರಲಿಲ್ಲ. 1961ರ ದೀಪಾವಳಿಗೆ ಒಡೆಯರು ಬೊಂಬಾಯಿಯಿಂದ ಹಳೆಯ ಕಾರು ತಂದರು. ಕಪ್ಪು ಬಣ್ಣ, ಉದ್ದ ಮೂತಿ. ಹೊಟ್ಟೆ ನೆಲದಿಂದ ಬರೇ ಒಂಬತ್ತು ಬೆರಳು ಮೇಲೆ. ಮೊದಲ ದಿನವೇ ಅದು ಅಂಚಿಗೆ ಉಜ್ಜಿ ಕಿರುಚಿತು. ಒಡೆಯರು ಕಾರಿನಿಂದ ಇಳಿದು, ಗದ್ದೆಯ ಕಡೆ ತಿರುಗಿ ಕೂಗಿದರು.

“ಬರ್ರೋ ಎಲ್ಲರೂ. ಎತ್ತಿ ಒಳಗಿಡಿ.”

ಎಂಟು ಜನ ಎತ್ತಿದೆವು. ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಅಂದಿನಿಂದ ಅದೇ ಕಟ್ಟಳೆಯಾಯಿತು. ಬೆಳಿಗ್ಗೆ ಎಂಟಕ್ಕೆ ಒಡೆಯರು ಹೊನ್ನಾವರದ ತಮ್ಮ ಅಕ್ಕಿ ಗಿರಣಿಗೆ ಹೊರಡುತ್ತಿದ್ದರು. ಕಾಸರಕೋಡಿನ ದಂಡೆಯಲ್ಲಿ ಕಾರು ನಿಲ್ಲಿಸಿ, ದೋಣಿಯಲ್ಲಿ ಹೊಳೆ ದಾಟಿ ಹೋಗುವುದು. ಸಂಜೆ ಐದಕ್ಕೆ ವಾಪಸು. ಎರಡು ಹೊತ್ತೂ ಹಾರ್ನ್ ಕೇಳುತ್ತಿತ್ತು. ಹಾರ್ನ್ ಕೇಳಿದರೆ ಗದ್ದೆಯಲ್ಲಿದ್ದವರು ಇದ್ದಲ್ಲಿಂದ ಓಡಬೇಕು. ಕೆಸರು ಕೈಯಲ್ಲಿ ಕಾರು ಮುಟ್ಟುವಂತಿಲ್ಲ. ಹೊಂಡದಲ್ಲಿ ಕೈ ತೊಳೆದು, ಸೀರೆಗೆ ಒರೆಸಿ, ಆಮೇಲೆ ಎತ್ತಬೇಕು. ಒಡೆಯರು ಒಳಗೇ ಕೂತಿರುತ್ತಿದ್ದರು. ಇಳಿಯುತ್ತಿರಲಿಲ್ಲ. ಕಾರಿನ ಭಾರದ ಜೊತೆ ಅವರ ಭಾರವನ್ನೂ ಎತ್ತುತ್ತಿದ್ದೆವು.

ನಮ್ಮ ಕೇರಿಯವರು ಆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಹಿಂದಿನ ಚಕ್ರ ಅಂಚು ದಾಟಿದ ಕೂಡಲೇ ನಾವು ಹಿಂದೆ ಸರಿಯಬೇಕು. ಆಗ ಒಡೆಯರ ತಾಯಿ ತಾಮ್ರದ ಚೊಂಬು ಹಿಡಿದು ಬಂದು, ನಮ್ಮ ಕೈ ತಾಗಿದಲ್ಲೆಲ್ಲ ನೀರು ಚಿಮುಕಿಸುತ್ತಿದ್ದರು. ನಾವು ರಸ್ತೆಯಲ್ಲಿ ನಿಂತು ಏದುಸಿರು ಬಿಡುತ್ತ ಅದನ್ನು ನೋಡುತ್ತಿದ್ದೆವು.

“ನಮ್ಮ ಕೈ ತಾಗಿ ಕಾರಿಗೆ ಮೈಲಿಗೆ ಆತು,” ಎಂದು ಪಕ್ಕದ ಮನೆಯ ತಿಮ್ಮಿ ಹೇಳುತ್ತಿದ್ದಳು. “ನಿನ್ನೆ ಅದ್ರ ಚಕ್ರಕ್ಕೆ ನಾಯಿ ಕಾಲೆತ್ತಿ ಹೋತು. ಅದ್ಕೆಂತ ಮಾಡ್ತ್ರು ಕೇಳಾ, ಬೊಮ್ಮಯ್ಯ.”

ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನನ್ನ ಸ್ವಭಾವವೇ ಹಾಗೆ. ಏನಾದರೂ ಕೆಟ್ಟದ್ದು ಕಂಡರೆ ಅದನ್ನು ಸರಿಮಾಡುವ ಕೆಲಸ ನನ್ನದೇ ಅನ್ನಿಸುತ್ತದೆ. ಆಮೇಲೆ ಸರಿಮಾಡಲು ಹೋಗಿ ಕೆಡಿಸಿದೆನೇ ಎಂದು ಹೆದರುತ್ತೇನೆ.

ಕುಮಟೆಯ ಚಿರೇಕಲ್ಲಿನ ಗಣಿಯಲ್ಲಿ ನಾನು ಎರಡು ವರ್ಷ ಕಲ್ಲು ಕಡಿದಿದ್ದೆ. ಸಂಜೆ ಕೆಲಸ ಬಿಟ್ಟ ಮೇಲೆ ಅಲ್ಲಿನ ಶಾಲೆಯ ಜಗುಲಿಯಲ್ಲಿ ದುಡಿಯುವವರಿಗೆ ಪಾಠ ನಡೆಯುತ್ತಿತ್ತು. ಓದು ಬರಹ ಅಲ್ಲಿ ಕಲಿತೆ. ಅಳತೆ ಕಲಿತೆ. ಭಾರ ಎಳೆಯುವ ಇಳಿಜಾರಿಗೆ ಎತ್ತರ ಒಂದಾದರೆ ಉದ್ದ ಆರು ಇರಬೇಕು ಎಂದು ಮಾಸ್ತರರು ಹಲಗೆಯ ಮೇಲೆ ಬರೆದು ತೋರಿಸಿದ್ದರು. ಒಂದೂವರೆ ಗೇಣಿನ ಎತ್ತರಕ್ಕೆ ಒಂಬತ್ತು ಗೇಣು ಉದ್ದ. ಈ ಲೆಕ್ಕವನ್ನು ನಾನು ಹತ್ತು ಸಲ ಮಾಡಿ ನೋಡಿದೆ. ಪ್ರತಿ ಸಲವೂ ಒಂಬತ್ತೇ ಬಂತು. ಆದರೂ ಒಡೆಯರ ಮುಂದೆ ಹೋಗಿ ನಿಲ್ಲಲು ನನಗೆ ಎಂಟು ದಿನ ಬೇಕಾಯಿತು.

“ಒಡೇರೆ, ಒಂದೊಂದು ಬದಿ ಚಕ್ರಕ್ಕೆ ಮೂರು ಮೂರು ಕಲ್ಲು ಕಡ್ದು ಇಡ್ತೆ. ಸಣ್ಣದು, ನಡೂದು, ದೊಡ್ಡದು. ಕಾರು ಅದ್ರ ಮೇಲೆ ತಾನೇ ಹತ್ತಿ ಬತ್ತದೆ. ಯಾರೂ ಎತ್ತೂದು ಬ್ಯಾಡ.”

ಒಡೆಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಎಂತದಾ ಬೊಮ್ಮ, ಎಂಜಿನಿಯರ್ ಆದ್ಯಾ?”

“ಇಲ್ಲ, ಒಡೇರೆ.”

“ಮಾಡು. ಶುಕ್ರವಾರಕ್ಕೆ ಆಗ್ಬೇಕು. ಕುಮಟೆಯಿಂದ ಬೀಗರು ಬತ್ತರು.”

ಶುಕ್ರವಾರಕ್ಕೆ ನಾಲ್ಕೇ ದಿನವಿತ್ತು. ಚಿರೇಕಲ್ಲನ್ನು ನೆಲದಿಂದ ತೆಗೆದಾಗ ಅದು ಹಸಿಯಾಗಿರುತ್ತದೆ. ಕೊಡಲಿಯಲ್ಲಿ ಬೇಕಾದ ಹಾಗೆ ಕಡಿಯಬಹುದು. ಬಿಸಿಲು ಗಾಳಿಗೆ ತಿಂಗಳು ಬಿಟ್ಟರೆ ಗಟ್ಟಿಯಾಗುತ್ತದೆ. ಅಲ್ಲಿಯ ತನಕ ಅದರ ಮೇಲೆ ಭಾರ ಹಾಕಬಾರದು. ಗಣಿಯಲ್ಲಿ ಇದು ಗೊತ್ತಿಲ್ಲದವನಿಲ್ಲ.

“ಒಂದು ತಿಂಗಳು ಒಣಗ್ಬೇಕು, ಒಡೇರೆ.”

“ಶುಕ್ರವಾರ ಅಂದೆ.”

ನಾನು ಇನ್ನೊಮ್ಮೆ ಹೇಳಬೇಕಾಗಿತ್ತು. ಹೇಳಲಿಲ್ಲ. ಇಲ್ಲಿ ನನ್ನ ತಪ್ಪಿದೆ. ಅದನ್ನು ಮುಚ್ಚಿಡುವುದಿಲ್ಲ.

ಮೂರು ದಿನ ಕಡಿದೆ. ಅಂಗೈ ಒಡೆದು ಕೊಡಲಿಯ ಹಿಡಿ ಜಾರುತ್ತಿತ್ತು. ಹೊನ್ನಿ ಕಲ್ಲುಗಳನ್ನು ತಲೆಯ ಮೇಲೆ ಹೊತ್ತು ತಂದಳು. ಹೊನ್ನಿಯ ಗಂಡ ಜ್ವರ ಬಂದು ತೀರಿಹೋಗಿ ಆರು ವರ್ಷವಾಗಿತ್ತು. ಅವನು ಒಡೆಯರಿಂದ ಗೇಣಿಗೆ ಮಾಡುತ್ತಿದ್ದ ಹತ್ತು ಗುಂಟೆ ಗದ್ದೆಯನ್ನು ಅವಳೇ ಮಾಡುತ್ತಿದ್ದಳು. ಅವಳಷ್ಟು ಬೇಗ ನೆಟ್ಟಿ ನೆಡುವವರು ಕೇರಿಯಲ್ಲಿ ಇರಲಿಲ್ಲ.

ಕಲ್ಲುಗಳನ್ನು ಅಂಚಿಗೆ ಸೇರಿಸಿ ಇಟ್ಟು ತೋರಿಸಿದೆ. ಒಡೆಯರು ನೋಡಿ ತಲೆಯಾಡಿಸಿದರು. ಆಮೇಲೆ ಹೇಳಿದರು:

“ಕಾರು ಹೋದ ಮೇಲೆ ಇದನ್ನ ತೆಗ್ದಿಡ್ಬೇಕು. ಇಲ್ಲೇ ಇದ್ರೆ ದನ ಹತ್ತಿ ಬತ್ತವು. ನಿಮ್ಮವರೂ ಹತ್ತಿ ಬತ್ತರು. ನೀನೂ ಹೊನ್ನಿಯೂ ನೋಡ್ಕಳಿ. ಎರಡು ಹೊತ್ತೂ ಇಡೂದು, ತೆಗೆಯೂದು.”

ಆರು ಕಲ್ಲು. ದೊಡ್ಡದನ್ನು ಎತ್ತಲು ಇಬ್ಬರು ಬೇಕು. ಎಂಟು ಜನರ ಕುತ್ತಿಗೆಯಿಂದ ನೊಗ ಇಳಿಸಲು ಹೋಗಿ ಅದನ್ನು ಅಕ್ಕನ ಕುತ್ತಿಗೆಗೇ ಕಟ್ಟಿದೆ. ಆದರೂ ಹೊನ್ನಿ ನನ್ನನ್ನು ಬೈಯಲಿಲ್ಲ.

“ಇರ್ಲಿ ತಮಾ. ಉಳ್ದವ್ರಿಗೆ ಓಡೂದು ತಪ್ತಲ್ಲ,” ಎಂದಳು.

ಶುಕ್ರವಾರ ಸಂಜೆ ಬೀಗರನ್ನು ಕೂರಿಸಿಕೊಂಡು ಕಾರು ಬಂತು. ಐದು ಜನ ಒಳಗಿದ್ದರು. ದೊಡ್ಡ ಕಲ್ಲು ಸ್ವಲ್ಪ ಅಲುಗಾಡುತ್ತಿತ್ತು. ಒಡೆಯರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಹೊನ್ನೀ, ಆ ಕಲ್ಲು ಒತ್ತಿ ಹಿಡಿ.”

ಹೊನ್ನಿ ಕೂತು ಬಲಗೈಯಿಂದ ಒತ್ತಿ ಹಿಡಿದಳು. ಚಕ್ರ ಹತ್ತಿತು. ಹಸಿ ಕಲ್ಲು ಬೆಲ್ಲದ ಉಂಡೆಯ ಹಾಗೆ ಕುಸಿಯಿತು. ಚಕ್ರ ಅವಳ ಕೈಯನ್ನು ಕರಿಕಲ್ಲಿನ ಅಂಚಿಗೆ ಒತ್ತಿ ನಿಂತಿತು. ಅವಳು ಕೂಗಲಿಲ್ಲ. ಕೂಗಿದವನು ನಾನು. ಒಡೆಯರು ಕಾರನ್ನು ಹಿಂದೆ ತೆಗೆದರು. ಇಳಿದರು. ಇಳಿದವರು ಮಂಡಿಯೂರಿ ಮೊದಲು ಕಾರಿನ ಹೊಟ್ಟೆ ನೋಡಿದರು.

ತಿಮ್ಮಿ ಓಡಿ ಬಂದು ತನ್ನ ಸೆರಗು ಹರಿದು ಕೈಗೆ ಸುತ್ತಿದಳು.

“ಕಾರಲ್ಲಿ ದವಾಖಾನೆಗೆ ಒಯ್ಯಿ, ಒಡೇರೆ. ನಿಮ್ಮ ಕಾಲು ಹಿಡೀತೆ.”

“ಸೀಟಿಗೆ ರಕ್ತ ತಾಗ್ತದೆ,” ಎಂದರು ಒಡೆಯರು. ಬೀಗರ ಕಡೆ ತಿರುಗಿ, “ಕಲ್ಲು ಕಡ್ದವನ ತಪ್ಪು. ಇವ್ರಿಗೆ ಒಂದು ಕೆಲಸ ನೆಟ್ಟಗೆ ಬತ್ತಿಲ್ಲೆ,” ಎಂದರು.

ಆ ಮಾತು ನನ್ನೊಳಗೆ ಹೊಕ್ಕಿತು. ಹೌದು ಅನ್ನಿಸಿತು. ಹೊನ್ನಿಯನ್ನು ಗಾಡಿಯಲ್ಲಿ ಮಲಗಿಸಿ ಹೊಳೆಯ ತನಕ ಹೋದೆವು. ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿಕೊಳ್ಳುತ್ತಿದ್ದೆ. ಕಡಿದವನ ತಪ್ಪು. ಕಡಿದವನ ತಪ್ಪು. ಕೊನೆಗೆ ತಿಮ್ಮಿಯೇ ನನ್ನ ತಲೆಗೆ ಮೊಟಕಿದಳು. “ಬಾಯಿ ಮುಚ್ಚಾ. ನಿನ್ನ ಅಕ್ಕನ ತಲೆ ಹಿಡ್ಕಾ.”

ದವಾಖಾನೆಯಲ್ಲಿ ಮೂರು ಬೆರಳು ತೆಗೆದರು. ಹೆಬ್ಬೆರಳು, ತೋರುಬೆರಳು ಉಳಿದವು.

ಹದಿನೈದು ದಿನ ಬಿಟ್ಟು ಒಡೆಯರು ನನ್ನನ್ನು ಕರೆಸಿದರು. ಬೇರೆ ಕಲ್ಲು ಕಡಿಯಬೇಕು, ಈ ಸಲ ಒಣಗಿಸಿಯೇ ಇಡು ಎಂದರು. ಇಡುವುದು ತೆಗೆಯುವುದು ಮೊದಲಿನ ಹಾಗೆ ನಾವಿಬ್ಬರೇ. ಹೊನ್ನಿಗೆ ಆಗುವುದಿಲ್ಲ ಎಂದೆ.

“ಕೈ ಇಲ್ದಿದ್ರೆ ಎಂತ ಆತು? ಕಾಲಲ್ಲಿ ಒತ್ತಿ ಹಿಡೀಲಿ.”

ಅಲ್ಲಿಯ ತನಕ ನನ್ನ ಸಿಟ್ಟೆಲ್ಲ ನನ್ನ ಮೇಲೇ ಇತ್ತು. ಆ ದಿನ ಅದು ತಿರುಗಿತು.

ಆದರೂ ಕಲ್ಲು ಕಡಿದೆ. ಒಂದು ತಿಂಗಳು ಒಣಗಿಸಿದೆ. ಒಂದಕ್ಕೆ ಆರು. ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಾರು ಅದರ ಮೇಲೆ ಬೆಣ್ಣೆಯ ಮೇಲೆ ಹೋದ ಹಾಗೆ ಹತ್ತಿತು, ಇಳಿಯಿತು. ನಾನೊಬ್ಬನೇ ಇಡುತ್ತಿದ್ದೆ, ನಾನೊಬ್ಬನೇ ತೆಗೆಯುತ್ತಿದ್ದೆ. ದೊಡ್ಡ ಕಲ್ಲನ್ನು ತೊಡೆಯ ಮೇಲೆ ಎಳೆದುಕೊಂಡು, ಎದೆಗೆ ಒತ್ತಿ, ಕುಕ್ಕರಗಾಲಲ್ಲಿ ಸರಿಯುತ್ತ ಒಯ್ಯುತ್ತಿದ್ದೆ. ಎದೆಯ ಚರ್ಮ ಸುಲಿದು ಕಪ್ಪುಗಟ್ಟಿತು. ಹೊನ್ನಿಯನ್ನು ಆ ಅಂಚಿನ ಹತ್ತಿರ ಬಿಡಲಿಲ್ಲ.

ಮಳೆಗಾಲ ಬಂತು. ಹೊನ್ನಿ ಎಡಗೈಯಲ್ಲಿ ನೆಟ್ಟಿ ನೆಟ್ಟಳು. ಎರಡು ದಿನದ ಕೆಲಸಕ್ಕೆ ಆರು ದಿನ ಹಿಡಿಯಿತು. ಸಾಲು ಸೊಟ್ಟಗಾಯಿತು. ಕೇರಿಯ ಹೆಂಗಸರು ತಮ್ಮ ಕೆಲಸ ಮುಗಿಸಿ ಬಂದು ಕೈಗೂಡಿಸಿದರು. ಗದ್ದೆ ಹಸಿರಾಯಿತು.

ಆಗ ಹೊನ್ನಾವರದ ತಾಲೂಕು ಕಚೇರಿಯಿಂದ ನೋಟೀಸು ಬಂತು. ನಾನೇ ಓದಿದೆ. ಒಡೆಯರು ಅರ್ಜಿ ಹಾಕಿದ್ದರು. ಹೊನ್ನಿಯ ಬಲಗೈ ಊನವಾಗಿರುವುದರಿಂದ ಸಾಗುವಳಿಗೆ ಅವಳು ಅಶಕ್ತಳು, ಗದ್ದೆಯನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದಾಳೆ, ಅದನ್ನು ಒಡೆಯರ ಸ್ವಾಧೀನಕ್ಕೆ ಕೊಡಿಸಬೇಕು. ನಾನು ಎರಡು ಸಲ ಓದಿದೆ. ಹೊನ್ನಿಗೆ ಮೊದಲ ಸಲಕ್ಕೇ ಅರ್ಥವಾಗಿತ್ತು.

“ಕೈ ಅವ್ರೇ ತೆಗ್ದ್ರು. ಈಗ ಕೈಯಿಲ್ಲ ಅಂಬ್ರು,” ಎಂದಳು. ಗದ್ದೆಯ ಕಡೆ ನೋಡಿದಳು. “ಇದು ಹೋದ್ರೆ ನಾ ಎಲ್ಲಿ ಹೋಗ್ಲಿ?”

ಆಗಸ್ಟ್ ತಿಂಗಳಲ್ಲಿ ವಿಚಾರಣೆಯ ದಿನ. ಮಳೆಯಲ್ಲಿ ನಡೆದು, ದೋಣಿ ದಾಟಿ ಹೋದೆವು. ಸಂಜೆಯ ತನಕ ಕಚೇರಿಯ ಮೆಟ್ಟಿಲ ಮೇಲೆ ಕೂತೆವು. ಒಡೆಯರು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೊಂದು ದಿನ. ಮತ್ತೆ ಹೋದೆವು. ಒಡೆಯರು ಕೂಗಳತೆಯ ದೂರದ ತಮ್ಮ ಗಿರಣಿಯಲ್ಲೇ ಇದ್ದರು. ಬರಲಿಲ್ಲ. ಹೊನ್ನಿಯನ್ನು ನಡೆಸಿ ನಡೆಸಿ ಸೋಲಿಸುವುದು ಅವರ ಎಣಿಕೆ. ಆದರೆ ಅರ್ಜಿ ವಿಚಾರಿಸುವ ಮಾಮಲೇದಾರರಿಗೂ ಸಿಟ್ಟು ಬಂದಿತ್ತು. ನವೆಂಬರ್ ಹದಿನಾಲ್ಕಕ್ಕೆ, ಹನ್ನೊಂದು ಗಂಟೆಗೆ ಕೊನೆಯ ದಿನ, ಅರ್ಜಿದಾರ ಬಾರದಿದ್ದರೆ ಅರ್ಜಿ ವಜಾ ಎಂದು ಬರೆಸಿದರು. ಬಂದರೆ ಏನಾಗುತ್ತದೆ ಎಂದು ನಾನು ಗುಮಾಸ್ತರನ್ನು ಕೇಳಿದೆ. ಅವರು ಹೊನ್ನಿಯ ಕೈ ನೋಡಿದರು. ಕಡತ ಮುಚ್ಚಿದರು.

ಒಡೆಯರು ಬರಬಾರದು. ಇಷ್ಟೇ ಬೇಕಾಗಿತ್ತು.

ನಾನು ದಿನವೂ ಎರಡು ಸಲ ಆ ಕಾರಿನ ಹೊಟ್ಟೆಯ ಪಕ್ಕ ಮಂಡಿಯೂರುವವನು. ತೆಂಗಿನ ಗರಿಯ ಕಡ್ಡಿ ಹಿಡಿದು ಅಳೆದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು, ನಡುವೆ ಹೊಟ್ಟೆ ಎಲ್ಲಿ ಜೋಲುತ್ತದೆ, ನೆಲದಿಂದ ಎಷ್ಟು ಬೆರಳು. ಕಡ್ಡಿಗೆ ಉಗುರಿನಿಂದ ಗೆರೆ ಹಾಕಿದೆ. ಎರಡು ಹೊಸ ದೊಡ್ಡ ಕಲ್ಲು ಕಡಿದೆ. ತಲೆ ಎಂಟು ಬೆರಳು ತಗ್ಗು, ಉದ್ದ ಎರಡು ಗೇಣು ಕಡಿಮೆ. ಅವನ್ನೂ ಒಂದು ತಿಂಗಳು ಒಣಗಿಸಿದೆ. ಕುಸಿಯಬಾರದು. ಕುಸಿದರೆ ಮತ್ತೆ ಹಸಿ ಕಲ್ಲು ಅಂದಾರು. ಇದು ಪಾಪವೇ ಎಂದು ಕೇಳಿಕೊಂಡೆ. ಹೊನ್ನಿಯ ಕೈ ನೋಡಿದಾಗ ಆ ಪ್ರಶ್ನೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಿಮ್ಮಿಗೊಬ್ಬಳಿಗೆ ಹೇಳಿದೆ. ತಿಮ್ಮಿ ಕೇರಿಗೆಲ್ಲ ಹೇಳಿದಳು.

ಹದಿನಾಲ್ಕರ ಬೆಳಿಗ್ಗೆ ಹೊಸ ಕಲ್ಲು ಇಟ್ಟೆ. ಒಡೆಯರು ಬಿಳಿ ಕೋಟು ಹಾಕಿ ಬಂದರು. ಕಲ್ಲಿನ ಕಡೆ ನೋಡಲಿಲ್ಲ. ಎಂಟು ತಿಂಗಳಿಂದ ಅವರು ಅದನ್ನು ನೋಡಿರಲೇ ಇಲ್ಲ. ಕಾರು ಮುಂದೆ ಬಂತು. ಮುಂದಿನ ಚಕ್ರ ಅಂಚಿನಿಂದ ಧಡಕ್ಕನೆ ಕೆಳಗಿಳಿಯಿತು. ಹೊಟ್ಟೆ ಕರಿಕಲ್ಲಿನ ಮೇಲೆ ಕೂತಿತು. ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗಿತು. ಒಡೆಯರು ಒತ್ತಿದಷ್ಟೂ ತಿರುಗಿತು. ಕಾರು ಮುಂದೂ ಹೋಗಲಿಲ್ಲ, ಹಿಂದೂ ಹೋಗಲಿಲ್ಲ.

“ಎಂತ ಆತಾ?”

“ಹೊಟ್ಟೆ ಕೂತಿತು, ಒಡೇರೆ.”

“ಕರಿ ಎಲ್ಲರನ್ನೂ. ಎತ್ಲಿ.”

“ಕರೂದಿಲ್ಲ.”

ನನ್ನ ಬಾಯಿಂದ ಆ ಮಾತು ಅಷ್ಟು ಸುಲಭವಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಒಡೆಯರು ಇಳಿದು ಬಂದು ನನ್ನ ಕೆನ್ನೆಗೆ ಹೊಡೆದರು. ಕಿವಿ ಗುಂಯ್‌ಗುಟ್ಟಿತು. ನಾನು ಸರಿಯಲಿಲ್ಲ. ಇನ್ನೊಮ್ಮೆ ಹೊಡೆದರು.

ಆಮೇಲೆ ಅವರು ಹಾರ್ನ್ ಒತ್ತಿದರು. ರಸ್ತೆಯಾಚೆ ಕೊಯ್ಲು ನಡೆದಿತ್ತು. ಇಪ್ಪತ್ತು ಜನ ಬಗ್ಗಿ ಭತ್ತ ಕೊಯ್ಯುತ್ತಿದ್ದರು. ಹಾರ್ನ್ ಕೇಳಿತು. ಕತ್ತಿಗಳು ನಿಲ್ಲಲಿಲ್ಲ. ಮತ್ತೆ ಒತ್ತಿದರು. ಬೆರಳು ತೆಗೆಯದೆ ಒತ್ತಿದರು. ಒಬ್ಬರೂ ತಲೆ ಎತ್ತಲಿಲ್ಲ. ಭತ್ತದ ಬುಡಕ್ಕೆ ಕತ್ತಿ ಹಾಕುವ ಕರಕರ ಸದ್ದು ಮಾತ್ರ ಹಾರ್ನಿನ ಕೆಳಗೆ ಕೇಳುತ್ತಲೇ ಇತ್ತು. ಎತ್ತಿನ ಗಾಡಿ ಹೊಡೆಯುವವನೂ ಅಲ್ಲೇ ಬಗ್ಗಿದ್ದ.

ಅಷ್ಟರಲ್ಲಿ ಭಟ್ಕಳದ ಬಸ್ಸು ಬಂತು. ಕಾರಿನ ಮೂತಿ ರಸ್ತೆಗೆ ಚಾಚಿದ್ದರಿಂದ ಬಸ್ಸು ನಿಂತಿತು. ಮರದ ಕೆಳಗೆ ಕಾದಿದ್ದ ಹೊನ್ನಿ, ತಿಮ್ಮಿ ಹತ್ತಿದರು. ತಿಮ್ಮಿಗೆ ಮುಂದೆ ಜಾಗ ಸಿಕ್ಕಿತು. ಹೊನ್ನಿ ಹಿಂದೆ ಕೂತಳು. ಅವಳ ಪಕ್ಕದಲ್ಲಿ ಒಂದು ಜಾಗ ಉಳಿಯಿತು. ಇಡೀ ಬಸ್ಸಿಗೆ ಅದೊಂದೇ.

ಕಂಡಕ್ಟರ್ ಇಳಿದು ಕಾರನ್ನು ನೋಡಿ ನಾಲಿಗೆ ಲೊಚಗುಟ್ಟಿದ.

“ಅರೆರೆ, ಒಡೇರೆ, ನಿಮ್ಮ ಗಾಡಿ ಮೊಟ್ಟೆ ಇಡೂಕೆ ಕೂತಿತ್ತಲ್ರೀ! ಬನ್ನಿ ಬನ್ನಿ, ಕಚೇರಿಗೆ ತಾನೆ? ಹಿಂದೆ ಒಂದು ಸೀಟು ಉಂಟು. ಇದು ಬಿಟ್ರೆ ಹನ್ನೆರಡಕ್ಕೇ ಬಸ್ಸು.”

ಬಸ್ಸಿನಲ್ಲಿದ್ದವರು ನಕ್ಕರು. ಒಡೆಯರು ಬಸ್ಸು ಹತ್ತಬಹುದೆಂಬುದನ್ನು ನಾನು ಅಳೆದಿರಲಿಲ್ಲ. ಬಸ್ಸು ಹತ್ತಿದರೆ ಒಡೆಯರು ಹತ್ತೂವರೆಗೆ ಕಚೇರಿಯಲ್ಲಿರುತ್ತಾರೆ. ನನ್ನ ಕಲ್ಲು, ಕಡ್ಡಿ, ಒಂದು ತಿಂಗಳು ಎಲ್ಲ ದಂಡ. ಹೊನ್ನಿಯ ಗದ್ದೆ ಹೋದ ಹಾಗೆಯೇ.

ಒಡೆಯರು ಬಸ್ಸಿನ ಬಾಗಿಲಿಗೆ ಹೋದರು. ಕಂಬಿ ಹಿಡಿದರು. ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಒಳಗೆ ನೋಡಿದರು.

ಹೊನ್ನಿ ಕಿಟಕಿಯ ಕಡೆ ಸರಿದು ಕೂತಳು. ಎರಡು ಬೆರಳಿನ ಬಲಗೈಯಿಂದ ಪಕ್ಕದ ಸೀಟನ್ನು ಒರೆಸಿದಳು.

“ಬನ್ನಿ ಒಡೇರೆ. ಕೂತ್ಕಳಿ,” ಎಂದಳು.

ಬಸ್ಸೆಲ್ಲ ಅವರ ಮುಖ ನೋಡುತ್ತಿತ್ತು. ಒಡೆಯರು ಆ ಸೀಟು ನೋಡಿದರು, ಆ ಕೈ ನೋಡಿದರು. ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದರು. ಕಂಬಿ ಹಿಡಿದ ಅಂಗೈಯನ್ನು ಬಿಳಿ ಕೋಟಿಗೆ ಒರೆಸಿದರು.

“ಹೋಗ್ಲಿ. ನಾ ಆಮೇಲೆ ಬತ್ತೆ.”

“ರೈಟ್!” ಎಂದ ಕಂಡಕ್ಟರ್. ಬಸ್ಸು ಕಾರಿನ ಮೂತಿಯನ್ನು ಬಳಸಿ ಹೋಯಿತು.

ಕಚೇರಿಯಲ್ಲಿ ಜವಾನ ಜಗುಲಿಗೆ ಬಂದು ಒಡೆಯರ ಹೆಸರನ್ನು ಮೂರು ಸಲ ಕೂಗಿದನಂತೆ. ಮೂರನೆಯ ಸಲಕ್ಕೆ ತಿಮ್ಮಿ, “ಅವ್ರು ಮನೆ ಬಾಗಿಲಲ್ಲಿ ಕಾರು ಕಾಯ್ತಿದ್ರು,” ಎಂದು ಹೇಳಿ ಬೈಸಿಕೊಂಡಳಂತೆ. ಅರ್ಜಿ ವಜಾ ಆಯಿತು. ಸಂಜೆ ಹೊನ್ನಿ ಬಂದಾಗ ಕಾರು ಇನ್ನೂ ಅಂಚಿನ ಮೇಲೇ ಇತ್ತು. ಅವಳು ಅದರ ಮುಂದೆ ನಿಲ್ಲಲಿಲ್ಲ. ನೇರ ಗದ್ದೆಗೆ ಇಳಿದು, ಎಡಗೈಯಲ್ಲಿ ಕತ್ತಿ ಹಿಡಿದು, ಕತ್ತಲಾಗುವ ತನಕ ಕೊಯ್ದಳು.

ಕಾರು ನಾಲ್ಕು ದಿನ ಹಾಗೆಯೇ ಇತ್ತು. ಕೊನೆಗೆ ಹೊನ್ನಾವರದಿಂದ ಗಿರಣಿಯ ಆಳುಗಳನ್ನು ಕರೆಸಿ ಎತ್ತಿಸಿದರು. ಹೊಟ್ಟೆಯಿಂದ ಎಣ್ಣೆ ಸುರಿದು ಕರಿಕಲ್ಲು ಇನ್ನಷ್ಟು ಕಪ್ಪಾಗಿತ್ತು. ಅರ್ಜಿಯನ್ನು ಮತ್ತೆ ತೆಗೆದುಕೊಳ್ಳಬೇಕೆಂದು ಒಡೆಯರು ಕಚೇರಿಗೆ ಬರೆದುಕೊಂಡರು. ಕಾರು ಸಿಕ್ಕಿಬಿದ್ದಿತ್ತು ಎಂದರು. ಆ ಹೊತ್ತಿಗೆ ಬಸ್ಸಿತ್ತಲ್ಲ ಎಂದು ಮಾಮಲೇದಾರರು ಕೇಳಿದರಂತೆ. ಹೊನ್ನಿಯ ಪಕ್ಕ ಕೂರಬೇಕಾಗಿತ್ತು ಎಂದು ಒಡೆಯರು ಹೇಳಿಯಾರೇ? ಅದೂ ವಜಾ ಆಯಿತು.

ಆಮೇಲೆ ಅವರು ನನ್ನ ಮೇಲೆ ಫಿರ್ಯಾದಿ ಕೊಟ್ಟರು. ಕಾರು ಕೆಡಿಸಿದವನು ಎಂದು. ಊರಿನ ಪೊಲೀಸ್ ಪಟೇಲ ದುರ್ಗಪ್ಪ ನನ್ನನ್ನು ಚಾವಡಿಗೆ ಕರೆಸಿದ. ಅವನು ಕೆಟ್ಟವನಲ್ಲ. ಒಡೆಯರಿಗೂ ಬೇಕು, ಊರಿಗೂ ಬೇಕು ಎನ್ನುವವನು. ಹೊನ್ನಿ, ತಿಮ್ಮಿ ಹೊರಗೆ ನಿಂತಿದ್ದರು.

“ಕಾಣು ಬೊಮ್ಮ, ನಾ ಬರಿತೆ, ನೀ ಹೂಂ ಅನ್ನು. ಸುಲಭದಲ್ಲಿ ಮುಗೀತದೆ,” ಎಂದ. ಬರೆದ. ಬರೆದದ್ದನ್ನು ನನ್ನ ಮುಂದೆ ತಳ್ಳಿ, ಹೆಬ್ಬೆಟ್ಟಿನ ಮಸಿ ತೆರೆದ.

“ಓದ್ತೆ,” ಎಂದೆ.

ಓದಿದೆ. ‘ಸದರಿ ಕಲ್ಲನ್ನು ನಾನು ಕಡಿದದ್ದು ನಿಜ. ಅಳತೆ ತಿಳಿಯದವನಾದ್ದರಿಂದ ನಜರಚೂಕಿನಿಂದ ತಗ್ಗಾಗಿ ಕಡಿದಿರುತ್ತೇನೆ. ಕ್ಷಮೆ ಬೇಡುತ್ತೇನೆ.’ ನಜರಚೂಕು ಅಂದರೆ ಕಣ್ತಪ್ಪು.

“ಇದು ಹೀಗಲ್ಲ, ಪಟೇಲ್ರೆ.”

“ಮತ್ತೆಂತ?”

“ಅಳತೆ ಗೊತ್ತಿತ್ತು. ನಜರಚೂಕು ಹೊಡ್ದು ಹಾಕಿ. ಕ್ಷಮೆಯೂ ಹೊಡ್ದು ಹಾಕಿ.”

ದುರ್ಗಪ್ಪ ಹೊರಗೆ ನಿಂತಿದ್ದ ಹೊನ್ನಿಯ ಕಡೆ ನೋಡಿ ಧ್ವನಿ ತಗ್ಗಿಸಿದ. “ಹೊಡ್ದು ಹಾಕಿದ್ರೆ ಜೈಲು, ಮಾರಾಯ. ತಪ್ಪಿ ಆತು ಅಂದ್ರೆ ಮನೆಗೆ ಹೋತೆ. ನಿನ್ನ ಅಕ್ಕನೂ ಅದೇ ಹೇಳ್ತಳೆ, ಕೇಳು.”

ಹೊನ್ನಿಯ ಕಣ್ಣಲ್ಲಿ ನೀರಿತ್ತು. ಆದರೂ ನಿಜ ಹೇಳಬೇಡ ಎಂದು ಅವಳು ತಲೆಯಾಡಿಸಲಿಲ್ಲ.

“ಎಂಟು ಬೆರಳು ತಗ್ಗು, ಎರಡು ಗೇಣು ಗಿಡ್ಡ,” ಎಂದೆ. “ಬರೀರಿ. ಬೇಕಂತಲ್ಲೇ ಕಡ್ದೆ. ಅಳತೆಯಲ್ಲಿ ಒಂದು ಬೆರಳೂ ತಪ್ಲಿಲ್ಲ.”

ದುರ್ಗಪ್ಪ ಲೇಖನಿ ಅದ್ದಿ, ಆ ಶಬ್ದಗಳ ಮೇಲೆ ಅಡ್ಡಗೆರೆ ಎಳೆದು, ನಾನು ಹೇಳಿದ್ದನ್ನು ಬರೆದ. ಶಾಯಿ ಒಣಗುವ ತನಕ ನಾನು ನಿಂತೇ ನೋಡಿದೆ.